ಹನ್ನೆರಡು ಸಾಗವಾನಿ ರೆಕ್ಕೆಗಳು

ದಸ್ತಗೀರ್ ಸಾಬರನ್ನು ಯಾವ ಯಂತ್ರ ಶುರು ಮಾಡುವಾಗಲೂ ಯಾರೂ ಕರೆದಿರಲಿಲ್ಲ. ರಾಯಚೂರಿನ ಒಂದು ಎರಕದ ಕಾರ್ಖಾನೆಯಲ್ಲಿ ಅವರು ಮೂವತ್ತೊಂದು ವರ್ಷದಿಂದ ಮರದ ಅಚ್ಚು ಕೆತ್ತುತ್ತಿದ್ದರು. ಅಚ್ಚು ಕೆತ್ತುವವನ ಹೆಸರು ಯಾವ ಯಂತ್ರದ ಮೇಲೂ ಇರುವುದಿಲ್ಲ. ಹಾಗಾಗಿ ೧೯೮೭ರ ಜನವರಿಯಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಕನಕರಾಯ ತೀನ್ ಕಂದೀಲ್ ವೃತ್ತದ ಹತ್ತಿರದ ಅವರ ಮನೆಗೆ ಖುದ್ದಾಗಿ ಬಂದು, "ಚಾಚಾ, ಐತವಾರ ಮುಂಜಾನಿ ಮಾನ್ವಿಗೆ ಬರಬೇಕ್ರಿ. ನಿಮ್ಮ ರೆಕ್ಕಿ ತಿರಗೂದು ನೋಡಬೇಕು ನೀವು" ಎಂದಾಗ, ಹೆಂಡತಿ ಕುಬ್ರಾ ಬೇಗಂ ಪೆಟ್ಟಿಗೆಯ ತಳದಿಂದ ಮದುವೆಮನೆಗಷ್ಟೇ ಹಾಕುವ ಶೇರ್ವಾನಿ ತೆಗೆದಿಟ್ಟಳು.

ಕನಕರಾಯ ದೇವದುರ್ಗದ ಕಡೆಯ ಕುರಿ ಕಾಯುವ ಮನೆತನದವನು. ಮೂವತ್ತನಾಲ್ಕರ ವಯಸ್ಸು, ಮಾತಿಗಿಂತ ಕೈ ಹೆಚ್ಚು ಆಡಿಸುವವನು. ನಾಲ್ಕು ತಿಂಗಳ ಹಿಂದೆ ಕಾರ್ಖಾನೆಗೆ ಬಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದ್ದ.

"ಈಗಿನ ವಿಮಾನದ ಇಂಜಿನ್ನಾಗ ಪಂಖ ಕೊಳವಿ ಒಳಗ ಇರತದ ಚಾಚಾ. ಪಂಖ ದೊಡ್ಡದು ಮಾಡಿದಷ್ಟೂ ಎಣ್ಣಿ ಉಳೀತದ, ಆದ್ರ ಕೊಳವೀನೂ ದೊಡ್ಡದಾಗಿ ಭಾರ ಆಗತದ. ಅದಕ್ಕ ಕೊಳವೀನ ತಗದ ಒಗದುಬಿಡೂದು. ಮುಂದ ಒಂದು ಸಾಲು, ಹಿಂದ ಒಂದು ಸಾಲು ರೆಕ್ಕಿ, ಒಂದು ಹಿಂಗ ತಿರಗಿದ್ರ ಇನ್ನೊಂದು ಹಂಗ. ಮುಂದಿಂದು ಸುಳಿ ಎಬ್ಬಿಸಿದ ಗಾಳೀನ ಹಿಂದಿಂದು ನೆಟ್ಟಗ ಮಾಡತದ. ಎಣ್ಣಿನೂ ಕಡಿಮಿ, ಹೊಗಿನೂ ಕಡಿಮಿ. ಪರದೇಶದಾಗ ಇದನ್ನ ಹಾರಿಸಿ ನೋಡಾಕತ್ಯಾರ. ನಾವೂ ಸಣ್ಣದೊಂದು ಮಾಡಿ ನೋಡೂಣು."

"ನನ್ನಿಂದ ಏನಾಗಬೇಕ್ರಿ ಸಾಹೇಬ್ರ?"

"ಕುಡಗೋಲಿನಂಗ ಬಾಗಿದ ಹನ್ನೆರಡು ರೆಕ್ಕಿ. ಮಾಡೆಲ್ ಬೇಕು. ಅಳತಿ ಕೂದಲೆಳಿಯಷ್ಟೂ ತಪ್ಪಬಾರದು."

ಆ 'ಮಾಡೆಲ್' ಎಂಬ ಒಂದು ಮಾತೇ ಎಲ್ಲಕ್ಕೂ ಮೂಲವಾಯಿತು. ಕಾರ್ಖಾನೆಯಲ್ಲಿ ಮಾಡೆಲ್ ಎಂದರೆ ಅಚ್ಚು. ಅದನ್ನು ಒದ್ದೆ ಮರಳಿನಲ್ಲಿ ಒತ್ತಿ ತೆಗೆದರೆ ಅದೇ ಆಕಾರದ ಗುಳಿ ಬೀಳುತ್ತದೆ. ಗುಳಿಗೆ ಕಾದ ಲೋಹ ಸುರಿದರೆ ವಸ್ತು ತಯಾರು. ಅಚ್ಚಿಗೆ ಬೇಕಾದದ್ದು ಅಳತೆ ಮತ್ತು ನಯವಾದ ಮೈ, ಅಷ್ಟೇ. ಒಳಗೆ ಹುಳುಕಿದ್ದರೆ ಮರಳಿಗೇನು ಗೊತ್ತು? ಅದಕ್ಕೇ ಒಂದು ರೆಕ್ಕೆಯ ಬುಡದಲ್ಲಿ ಮರದ ಗಂಟು ಉದುರಿ ಹೆಬ್ಬೆರಳು ಹೋಗುವಷ್ಟು ತೂತು ಬಿದ್ದಾಗ, ದಸ್ತಗೀರ್ ಸಾಬರು ಜೀವನವಿಡೀ ಮಾಡಿಕೊಂಡು ಬಂದದ್ದನ್ನೇ ಮಾಡಿದರು. ಅರಗು ಕಾಯಿಸಿ, ಮರದ ಪುಡಿ ಕಲಸಿ, ತೂತು ತುಂಬಿ, ಉಜ್ಜಿ ನಯ ಮಾಡಿದರು. ಮುಗಿದ ಮೇಲೆ ಅವರ ಕಣ್ಣಿಗೇ ಅದು ಸಿಗಲಿಲ್ಲ. ಒಳ್ಳೆ ಕೆಲಸವೆಂದು ತಮ್ಮಷ್ಟಕ್ಕೆ ತಾವೇ ಮೆಚ್ಚಿಕೊಂಡಿದ್ದರು.

ಮಾನ್ವಿಯಿಂದ ಕಲ್ಲೂರಿನ ದಾರಿಯಲ್ಲಿ, ಮುಚ್ಚಿಹೋದ, ಹತ್ತಿಯ ಬೀಜ ಬಿಡಿಸುವ ಜಿನ್ನಿನ ಗೋದಾಮನ್ನು ಕನಕರಾಯ ಪರೀಕ್ಷೆಗೆ ಹಿಡಿದಿದ್ದ. ಜಿನ್ನಿನ ಹಳೇ ಮೋಟರುಗಳಿಗೆ ಎಳೆದ ಕರೆಂಟು ಅಲ್ಲಿ ಹಾಗೇ ಇತ್ತು. ಸಾಬರು ತಲುಪಿದಾಗ ಹೊರಗೆ ತಗಡಿನ ಗೋಡೆಯ ನೆರಳಲ್ಲಿ ಒಬ್ಬ ಹಣ್ಣುಮುದುಕಿ ಕಂಬಳಿ ಹಾಸಿ ಕುಳಿತಿದ್ದಳು. ಕನಕರಾಯನ ತಾಯಿ ಬೂದೆಮ್ಮ. ಮಗನ ಯಂತ್ರ ನೋಡಲು ದೇವದುರ್ಗದಿಂದ ಬಂದವಳು.

"ನೀವೇನ್ರಿ ರೆಕ್ಕಿ ಕೆತ್ತಿದ ಸಾಹೇಬ್ರು? ನನ್ನ ಮಗಾ ನಿಮ್ಮ ಹೆಸರು ಹೇಳಿದ್ದೇ ಹೇಳಿದ್ದು. ಒಳಗ ಸಪ್ಪಳ ಭಾಳ ಆಗತದಂತ, ನನ್ನ ಇಲ್ಲಿ ಕುಂದ್ರಿಸ್ಯಾನ. ಹೋಗ್ರಿ, ನಿಮ್ಮ ದಾರಿನ ಕಾಯಾಕತ್ಯಾನ."

ಸಾಬರು ನಕ್ಕು ಒಳಗೆ ಕಾಲಿಟ್ಟರು. ಕಾಲು ಹೊಸ್ತಿಲಲ್ಲೇ ನಿಂತಿತು.

ಎದೆಮಟ್ಟದ ಕಬ್ಬಿಣದ ಕಟ್ಟೆಯ ಮೇಲೆ ಹನ್ನೆರಡು ರೆಕ್ಕೆಗಳು ಎರಡು ಹೂವಿನ ಹಾಗೆ ಅರಳಿದ್ದವು, ಆರು ಮುಂದೆ, ಆರು ಹಿಂದೆ. ಎಲ್ಲಕ್ಕೂ ಬಿಳಿ ಬಣ್ಣ. ಆದರೆ ಆ ಬಾಗು ಲೋಹದ ಬಾಗಲ್ಲ, ತಮ್ಮ ಉಳಿಯ ಬಾಗು. ಹತ್ತಿರ ಹೋಗಿ ಬೆರಳ ಗಂಟಿನಿಂದ ಬಡಿದರು. ಮರದ ಸದ್ದು ಬಂತು.

"ಸಾಹೇಬ್ರ, ಇದು ಕಟ್ಟಿಗಿ ಅಲ್ಲೇನು?"

"ಹೌದ್ ಚಾಚಾ, ನಿಮ್ಮವ."

"ಎರಕ ಹೊಯ್ಯಲಿಲ್ಲೇನ್ರಿ?"

"ಎರಕ ಯಾಕ್ರಿ? ಸಾಗವಾನಿ ಹಗುರ, ಗಟ್ಟಿ. ಮೊದಲನೇ ಪರೀಕ್ಷಾಕ್ಕ ಅದ ಬೇಕಂತನ ನಿಮ್ಮ ಹಂತ್ಯಾಕ ಬಂದಿದ್ದೆ. ತೂಕ ಮಾಡಿ ನೋಡೀನಿ, ಹನ್ನೆರಡೂ ಒಂದ ತೂಕ!"

ಸಾಬರಿಗೆ ಅರಗು ತುಂಬಿದ ತೂತು ನೆನಪಾಯಿತು. ತೂಗಿದರೂ ಗೊತ್ತಾಗದಂತೆ ತುಂಬಿದವರು ಅವರೇ ತಾನೆ. ಒಂದೊಂದು ರೆಕ್ಕೆಯ ಬುಡವನ್ನೂ ಬೆರಳಿನಿಂದ ತಡಕಿದರು. ಬಣ್ಣದ ಕೆಳಗೆ ಎಲ್ಲವೂ ಒಂದೇ ನಯ. ಯಾವುದು ಅದು? ಗುರುತು ಹತ್ತಲಿಲ್ಲ.

ಈ ಕೆಲಸಕ್ಕೆ ಹಣ ಕೊಟ್ಟ ಇಲಾಖೆಯ ಪರವಾಗಿ ಬೆಂಗಳೂರಿನಿಂದ ಬಂದ ಅಧಿಕಾರಿ ಗಡಿಯಾರ ನೋಡಿಕೊಂಡು, ಇವರು ಯಾರೆಂದು ಕೇಳಿದರು. "ರೆಕ್ಕೆ ಮಾಡಿದವರು ಸರ್. ಮೂವತ್ತು ವರ್ಷದಲ್ಲಿ ಇವರ ಕೆಲಸದಲ್ಲಿ ಒಂದೂ ತಪ್ಪು ಬಂದಿಲ್ಲ" ಎಂದ ಕನಕರಾಯ. ಅಧಿಕಾರಿ ಮುಂದೆ ಬಂದು ಸಾಬರ ಕೈ ಕುಲುಕಿದರು. ಸೂಟು ಹಾಕಿದ ಮನುಷ್ಯ ಅವರ ಕೈ ಕುಲುಕಿದ್ದು ಅದೇ ಮೊದಲು. ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ಕುಳಿತುಬಿಟ್ಟಿತು. ಅಚ್ಚಿನ ಅರಗು ಇಷ್ಟು ದಿನ ಎಲ್ಲೂ ಕೈಕೊಟ್ಟಿಲ್ಲ, ಇವತ್ತೂ ತಡೆದೀತು. ಮುಗಿದ ಮೇಲೆ ಕನಕರಾಯನನ್ನು ಬದಿಗೆ ಕರೆದು ಹೇಳಿದರಾಯಿತು ಎಂದುಕೊಂಡರು.

ಮೋಟರು ಶುರುವಾಯಿತು. ಮೊದಲು ಗಾಳಿ ಬೀಸಿದ ಹಾಗೆ, ಆಮೇಲೆ ಜೇನುಗೂಡು ಎದ್ದ ಹಾಗೆ, ಆಮೇಲೆ ಸದ್ದಿಗೆ ಹೋಲಿಕೆಯೇ ಉಳಿಯಲಿಲ್ಲ. ತಗಡಿನ ಮಾಡು ನಡುಗಿತು. ರೆಕ್ಕೆಗಳು ಕಾಣದಾಗಿ ಎರಡು ಬಿಳಿ ತಟ್ಟೆಗಳಷ್ಟೇ ಕಂಡವು. ಕನಕರಾಯ ನಗುತ್ತ ವೇಗ ಏರಿಸಿದ. ಮತ್ತೆ ಏರಿಸಿದ. ಮುಂದಿನ ತಟ್ಟೆಯ ಅಂಚು ಸಣ್ಣಗೆ ಅದುರಿದ್ದು ಸಾಬರ ಕಣ್ಣಿಗೆ ಮಾತ್ರ ಬಿತ್ತು.

"ಬಂದ್ ಮಾಡ್ರಿ! ಸಾಹೇಬ್ರ, ಬಂದ್ ಮಾಡ್ರಿ!"

ತಮ್ಮ ಕೂಗು ತಮಗೇ ಕೇಳಲಿಲ್ಲ. ಮೋಟರು ನಿಲ್ಲಿಸುವ ಗುಂಡಿಯ ಕಡೆ ಓಡಿದರು. ಇನ್ನು ಮೂರು ಹೆಜ್ಜೆ ಇತ್ತು.

ಠಪ್ಪೆಂದಿತು. ಅಷ್ಟೇ. ಕಟ್ಟೆ ಹುಚ್ಚು ಹಿಡಿದಂತೆ ಕುಣಿಯಿತು, ಯಾರೋ ಕರೆಂಟು ತೆಗೆದರು, ತಟ್ಟೆಗಳು ಮತ್ತೆ ರೆಕ್ಕೆಗಳಾಗಿ ನಿಂತವು. ಮುಂದಿನ ಸಾಲಿನಲ್ಲಿ ಐದೇ ಇದ್ದವು. ತಗಡಿನ ಗೋಡೆಯಲ್ಲಿ ಉದ್ದನೆಯ ಸೀಳು ಬಿದ್ದು ಬಿಸಿಲು ಒಳಗೆ ಬರುತ್ತಿತ್ತು.

ಹೊರಗಿನಿಂದ ಯಾವ ಸದ್ದೂ ಬರಲಿಲ್ಲ. ಒಂದು ಚೀರಾಟ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೂದೆಮ್ಮ ಕಂಬಳಿಯ ಮೇಲೆ ಕುಳಿತಲ್ಲೇ ಕುಳಿತಿದ್ದಳು. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಮೊಣಕೈ ಕೆಳಗೆ ಮಾಂಸ ಹರಿದು ಎಲುಬು ಕಾಣುತ್ತಿತ್ತು. ಕಂಬಳಿ ತೊಯ್ದಿತ್ತು. ಮಗನ ಮುಖ ನೋಡಿ ಮೆಲ್ಲಗೆ ಕೇಳಿದಳು:

"ಯಪ್ಪಾ, ಏನ ಬಂತೋ ಇದು?"

ಕನಕರಾಯ ಜೀಪು ತರಲು ಓಡಿದ. ಸಾಬರು ತಮ್ಮ ಶೇರ್ವಾನಿ ಬಿಚ್ಚಿ ಆ ಕೈಗೆ ಸುತ್ತಿದರು. ತಾಯಿ ಮಗನನ್ನು ಹೊತ್ತ ಜೀಪು ರಾಯಚೂರಿನ ದಾರಿ ಹಿಡಿದ ಮೇಲೆ, ಒಬ್ಬರೇ ಹತ್ತಿ ಹೊಲಕ್ಕೆ ನಡೆದರು. ರೆಕ್ಕೆ ಮೂವತ್ತು ಮಾರು ದೂರದಲ್ಲಿ ಬಿದ್ದಿತ್ತು. ಮುರಿದ ಬುಡದಲ್ಲಿ ಅರಗು ಹೊಳೆಯುತ್ತಿತ್ತು.

ಕೈ ಕತ್ತರಿಸಬೇಕಾಗಲಿಲ್ಲ. ಆದರೆ ಬೆರಳು ಮತ್ತೆ ಮಡಚಲಾರವು ಎಂದರು ವೈದ್ಯರು. ಆಸ್ಪತ್ರೆಯ ವರಾಂಡದಲ್ಲಿ ಕನಕರಾಯ ಮೂರು ದಿನ ಒಂದೇ ನೋಟುಬುಕ್ಕು ತಿರುವಿ ಹಾಕಿದ.

"ಎಲ್ಲಿ ತಪ್ಪೀನಿ ತಿಳೀವಲ್ದು ಚಾಚಾ. ಹತ್ತು ಸಲ ಮಾಡಿದೆ, ಹತ್ತೂ ಸಲ ಲೆಕ್ಕ ಸರಿ ಬರತದ. ಅವ್ವನ ಕೈ ನೋಡಿದ್ರ ತಪ್ಪು ಅನಸ್ತದ."

ಎರಡು ದಿನ ಆ ಮಾತು ಕೇಳಿಯೂ ಸಾಬರು ಅರಗಿನ ಮಾತೆತ್ತದೆ ಮನೆಗೆ ಹೋಗಿ ಬಂದರು. ಕುಬ್ರಾ ಬೇಗಂ ಬಡಿಸಿದ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಮೂರನೆಯ ದಿನ ಚೀಲ ಹಿಡಿದು ಬಂದು, ಬೂದೆಮ್ಮನ ಮಂಚದ ಮೇಲೆ, ಮಗನ ಎದುರಿಗೆ, ಮುರಿದ ರೆಕ್ಕೆ ಇಟ್ಟರು.

"ನಿಮ್ಮ ಲೆಕ್ಕ ಸರಿ ಅದ ಸಾಹೇಬ್ರ. ಇಲ್ಲಿ ಗಂಟು ಬಿದ್ದು ತೂತಿತ್ತು. ಅಚ್ಚಂತ ತಿಳಕೊಂಡು ನಾನು ಅರಗು ತುಂಬಿದೆ."

ಕನಕರಾಯ ಅರಗನ್ನು ಉಗುರಿನಿಂದ ಕೆರೆದ. ಬಹಳ ಹೊತ್ತು ಕೆರೆದ.

"ನಿಮಗ ಯಾವಾಗ ಗೊತ್ತಾತು, ಕಟ್ಟಿಗಿನ ತಿರಗತದಂತ?"

"ಹೊಸ್ತಿಲದಾಗ ನಿಂತಾಗ."

"ಶುರು ಮಾಡೂಕ ಮೊದಲ."

"ಹೌದ್ರಿ."

ಕನಕರಾಯ ಬೈಯಲಿಲ್ಲ. ಹೊಡೆಯಲೂ ಇಲ್ಲ. ಮೊದಲ ಬಾರಿ ನೋಡುವವನಂತೆ ಅವರ ಮುಖ ನೋಡಿ, ಎದ್ದು ಹೊರಗೆ ಹೋದ. ಬೂದೆಮ್ಮ ಮಾತ್ರ ಹಾಸಿಗೆಯಿಂದಲೇ ಕೇಳಿದಳು: "ತೂತ ಮುಚ್ಚೀದಿ ಖರೆ ಸಾಬಾ, ತಿಳೀಲಾರದ್ದಕ್ಕ ಮುಚ್ಚೀದಿ. ಬಾಯಿ ಯಾಕ ಮುಚ್ಚೀದಿ?"

ಸಾಬರು ಮುರಿದ ರೆಕ್ಕೆಯನ್ನು ಅಲ್ಲೇ ಬಿಟ್ಟು, ಖಾಲಿ ಚೀಲ ಮಡಚಿಕೊಂಡು ಹೊರಟರು.

ಎರಡು ತಿಂಗಳು ಕನಕರಾಯ ಇತ್ತ ಸುಳಿಯಲಿಲ್ಲ. ಸಾಬರು ಪ್ರತಿ ಶುಕ್ರವಾರ ನಮಾಜು ಮುಗಿಸಿ, ಬಸ್ಸು ಹತ್ತಿ ದೇವದುರ್ಗಕ್ಕೆ ಹೋಗಿ ಬೂದೆಮ್ಮನ ಕಟ್ಟೆಯ ಮೇಲೆ ಕುಳಿತು ಬರುತ್ತಿದ್ದರು. ಆಕೆ ಎಡಗೈಯಲ್ಲಿ ಕುರಿಗೆ ಸೊಪ್ಪು ಹಾಕುವುದನ್ನು ನೋಡುವುದೇ ಅವರ ಶಿಕ್ಷೆಯಾಗಿತ್ತು. ಒಂದು ದಿನ ಆಕೆಗೂ ಸಾಕಾಯಿತು.

"ನೀ ಬಂದು ಕುಂತ್ರ ನನ್ನ ಬೆರಳು ಮಡಚತಾವೇನು? ನನ್ನ ಮಗಾ ಮತ್ತ ಅದನ್ನ ತಿರಗಸಾಂವನ, ಬಿಡೂದಿಲ್ಲ. ಬ್ಯಾರೆ ಯಾರ ಕಡಿಂದರ ಮಾಡಿಸಿದ್ರ ಅವ್ರು ಏನೇನ ಮುಚ್ಚತಾರೋ ಯಾರಿಗೆ ಗೊತ್ತು? ನೀ ಆದ್ರ ಅಂಜೀದಿ. ಹೋಗು, ಅಂವನ ಹಂತ್ಯಾಕ ಹೋಗು."

ಕಾಲೇಜಿನಲ್ಲಿ ಕನಕರಾಯ ಕುರ್ಚಿ ತೋರಿಸಿದ.

"ಕೊಳವಿ ಇರೂ ಇಂಜಿನ್ನಾಗ ರೆಕ್ಕಿ ಮುರದ್ರ ಕೊಳವಿ ಅದನ್ನ ಹಿಡೀತದ," ಎಂದ. "ನಾವು ಕೊಳವೀನ ತಗದೀವಿ. ಮುರದ್ರ ಹಿಡಿಯಾಕ ಯಾರೂ ಇಲ್ಲ. ಇದೆಲ್ಲಾ ನಾನು ಓದಿದ್ದೆ ಚಾಚಾ. ಓದಿನೂ ನಮ್ಮವ್ವನ್ನ ಅದರ ನೆಟ್ಟಗ ಕುಂದ್ರಿಸಿದೆ. ನೀವು ಅಷ್ಟೊತ್ತು ಬಾಯಿ ಬಿಡಲಿಲ್ಲ. ನಾನು ನಾಕ ತಿಂಗಳಾದ್ರೂ ಈ ಕಟ್ಟಿಗಿನ ತಿರಗತದಂತ ಒಂದ ಮಾತು ನಿಮಗ ಹೇಳಲಿಲ್ಲ."

ಮತ್ತೆ ಕೆಲಸ ಶುರುವಾಯಿತು. ಈ ಸಲ ಒಂದೇ ತೊಲೆಯಿಂದ ಕೆತ್ತಲಿಲ್ಲ. ಸಾಗವಾನಿಯನ್ನು ತೆಳ್ಳನೆಯ ಪಟ್ಟಿಗಳಾಗಿ ಸೀಳಿ, ಒಂದೊಂದನ್ನೂ ಬಿಸಿಲಿಗೆ ಹಿಡಿದು, ಬಾಗಿಸಿ, ಬಡಿದು ಸದ್ದು ಕೇಳಿ, ಗಟ್ಟಿ ಅಂಟಿನಿಂದ ಒಂದರ ಮೇಲೊಂದು ಕೂಡಿಸಿದರು. ಆಯ್ದದ್ದಕ್ಕಿಂತ ಬಿಸಾಡಿದ್ದೇ ಜಾಸ್ತಿ. ಬೆಂಗಳೂರಿನವರು ಒಂದು ಕರಾರು ಹಾಕಿದ್ದರು: ಎರಡೂ ಬದಿಗೆ ಆಳೆತ್ತರ ಮರಳಿನ ಚೀಲ, ರೆಕ್ಕೆಯ ಸಾಲಿಗೆ ಎದುರಾಗಿ ಒಬ್ಬರೂ ಇರಕೂಡದು.

ಡಿಸೆಂಬರಿನಲ್ಲಿ ಎರಡನೆಯ ಪರೀಕ್ಷೆ. ಗುಂಡಿಯ ಹತ್ತಿರ ಸಾಬರನ್ನೇ ನಿಲ್ಲಿಸಿದರು. ಅದೇ ಸದ್ದು ಎದ್ದಾಗ ಅವರು ಗುಂಡಿಯ ಮೇಲೆ ಬೆರಳಿಟ್ಟು ನಿಂತರು. ಠಪ್ಪೆನ್ನುವ ಸದ್ದಿಗೆ ಕಿವಿ ಕಾದು ಕಾದು ನೋಯಿತು. ಇಪ್ಪತ್ತು ನಿಮಿಷ ಯಂತ್ರ ಪೂರ್ಣ ವೇಗದಲ್ಲಿ ತಿರುಗಿತು, ಏನೂ ಮುರಿಯಲಿಲ್ಲ. ಮುಂದಿನ ಸಾಲೊಂದೇ ತಿರುಗಿದ್ದಕ್ಕಿಂತ, ಹಿಂದಿನ ಸಾಲೂ ಕೂಡಿ ತಿರುಗಿದಾಗ ಅಷ್ಟೇ ನೂಕುಬಲಕ್ಕೆ ಕರೆಂಟು ನೂರಕ್ಕೆ ಎಂಟು ಪಾಲು ಕಡಿಮೆ ಸಾಕಾಯಿತು. ಕನಕರಾಯ ಮೂರು ಸಲ ಅಳೆದ. ಆಮೇಲೆ ಮರಳಿನ ಚೀಲದ ಮೇಲೆ ಕುಳಿತು ಅತ್ತುಬಿಟ್ಟ.

ಇನ್ನು ದೊಡ್ಡ ಯಂತ್ರ ಮಾಡೋಣವೆಂದು ಬೆಂಗಳೂರಿನ ಒಪ್ಪಿಗೆಗೆ ಕಾದರು. ಒಂದೂವರೆ ವರ್ಷ ಕಳೆದ ಮೇಲೆ ಬಂದದ್ದು ನಾಲ್ಕೇ ಸಾಲಿನ ಕಾಗದ. ಎಣ್ಣೆಯ ಬೆಲೆ ಇಳಿದಿದೆ, ಹೊರದೇಶಗಳಲ್ಲೂ ಇಂಥ ಇಂಜಿನ್ನಿನ ಕೆಲಸ ನಿಲ್ಲುತ್ತಿದೆ, ಮುಂದುವರಿಸುವ ಅಗತ್ಯ ಕಾಣುವುದಿಲ್ಲ.

ಸಾಬರು ಕಾಗದವನ್ನು ಎರಡು ಸಲ ಓದಿಸಿ ಕೇಳಿದರು. "ಎಣ್ಣಿ ಅಗ್ಗ ಆತಂತ ಬಿಟ್ರಾ? ಕೆಲಸ ಆಗಲಿಲ್ಲಂತ ಅಲ್ಲ?"

"ಅಗ್ಗ ಆತಂತ."

ರೆಕ್ಕೆ ಮುರಿದ ದಿನ ಸಾಬರು ಗುಂಡಿಯ ಕಡೆ ಓಡಿದ್ದರು. ಆದರೆ ಓಡಿಹೋಗಿ ಒತ್ತಲು ಈ ಸಲ ಯಾವ ಗುಂಡಿಯೂ ಇರಲಿಲ್ಲ. ಸಂಜೆ ಇಬ್ಬರೂ ದೇವದುರ್ಗಕ್ಕೆ ಹೋಗಿ ಬೂದೆಮ್ಮನಿಗೆ ಹೇಳಿದರು. ಆಕೆ ಸೆಟೆದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಮಾತು ಕೇಳಿದಳು: "ಮತ್ತ ತುಟ್ಟಿ ಆಗೂದ ಇಲ್ಲೇನು ಎಣ್ಣಿ?"

ಕನಕರಾಯ ಆ ಮಳೆಗಾಲವೆಲ್ಲ ಕುಳಿತು ಪೂರ್ತಿ ವರದಿ ಬರೆದ. ಯಾರೂ ಕೇಳಿರಲಿಲ್ಲ, ಬರೆದ. ಮೊದಲ ಪುಟದಲ್ಲಿ ಗೆದ್ದ ಪರೀಕ್ಷೆಯ ಅಂಕಿ ಇದ್ದವು. ಸಾಬರು ಅದನ್ನು ತೆಗೆಸಿದರು.

"ಮೊದಲ ಗಂಟಿನ ಮಾತು ಬರೀರಿ. ಅರಗು ತುಂಬಿದಾಂವ ಯಾರು, ಗೊತ್ತಿದ್ದೂ ಹೇಳದಾಂವ ಯಾರು, ಹೆಸರು ಹಾಕ್ರಿ. ಮುಂದ ಮಾಡಾಂವ ಮೊದಲ ಅದನ್ನ ಓದಲಿ."

ಕನಕರಾಯ ಬರೆದ. ಅದರ ಕೆಳಗೆ ತಾಯಿಯನ್ನು ಎಲ್ಲಿ ಕೂರಿಸಿದ್ದೆನೆಂದು ತನ್ನ ಹೆಸರಿನಲ್ಲಿ ಇನ್ನೊಂದು ಸಾಲು ಬರೆದ. ದಸ್ತಗೀರ್ ಸಾಬರು ಕನ್ನಡಕ ಏರಿಸಿಕೊಂಡು, ಬಲದಿಂದ ಎಡಕ್ಕೆ, ನಿಧಾನವಾಗಿ ಉರ್ದುವಿನಲ್ಲಿ ಸಹಿ ಹಾಕಿದರು.