ಊರ್ಮಿಳಾಳ ಜ್ವರ

ಬಿಳಿ ಕೈಗವಸಿನ ಹೆಂಗಸು ಕಾತ್ಯಾಯಿನಿಯ ಮೊಣಕೈ ಹಿಡಿದು ಚರ್ಚಿನ ಮುಂದಿನ ಸಾಲಿನತ್ತ ನಡೆಸಿಕೊಂಡು ಹೊರಟಾಗಿತ್ತು.

"ಬೇಡಿ, ನಾವು ಹಿಂದೇನೇ ಕೂತ್ಕೋತೀವಿ."

"ಆಗಲ್ಲಮ್ಮ. ಪಕ್ಕದ ಮನೆಯವರನ್ನ ನಮ್ಮ ಜತೇನೇ ಕೂರಿಸಿ ಅಂತ ಡೆನೀಸ್ ಹೇಳಿದಾಳೆ."

ಡೆನೀಸ್ ಸತ್ತವರ ಮಗಳು, ಅಟ್ಲಾಂಟಾದಿಂದ ಬಂದವಳು. ಅವಳ ಎದುರಿಗೆ, ತೆರೆದ ಪೆಟ್ಟಿಗೆಯಲ್ಲಿ, ಮಿಸ್ ವರ್ನೆಲ್ ಹಾರ್ಗ್ರೋವ್ ತುಟಿಗೆ ಬಣ್ಣ ಹಚ್ಚಿಸಿಕೊಂಡು ಮಲಗಿದ್ದರು.

ಹಿಂದೆ ಗಂಡ ಸಿದ್ಧಲಿಂಗೇಶ್ ಮಗಳು ಊರ್ಮಿಳಾಳ ಕೈ ಹಿಡಿದು ಬರುತ್ತಿದ್ದ. "ಎಲ್ಲಿ ಕುಂದ್ರು ಅಂತಾರ ಅಲ್ಲೇ ಕುಂದ್ರೂಣು, ಸುಮ್ನ ನಡಿ," ಎಂದ ತನ್ನ ಗದಗಿನ ಕನ್ನಡದಲ್ಲಿ.

ಕೂತ ಮೇಲೆ ಅವಳು ಅವನ ಕಿವಿಯ ಹತ್ತಿರ ಬಾಗಿದಳು. "ರೀ, ಇವತ್ತು ಡೆನೀಸ್‌ಗೆ ಹೇಳಿಬಿಡ್ತೀನಿ."

"ಏನಂತ?"

"ಅವತ್ತು ಊರ್ಮಿಳಾಗೆ ಜ್ವರಾನೇ ಇರ್ಲಿಲ್ಲ ಅಂತ."

"ಹುಚ್ಚಿ ಏನ್ ನೀ? ತಾಯಿನ್ನ ಕಳಕೊಂಡು ಕುಂತಾಳ ಆಕಿ. ಈಗ ನಿನ್ನ ಪುರಾಣ ಬೇಕಾಗೇತೇನು?"

"ಅವರಿಗಂತೂ ಹೇಳಕ್ಕಾಗ್ಲಿಲ್ಲ. ಇವಳಿಗಾದ್ರೂ ಹೇಳದಿದ್ರೆ ನಂಗೆ ನಿದ್ದೆ ಬರಲ್ಲ."

ಪಾದ್ರಿ ಮಾತು ಶುರು ಮಾಡಿದರು. ತಂಬಾಕಿನ ಕಾರ್ಖಾನೆಯಲ್ಲಿ ದುಡಿದವಳ ಮಗಳು ವರ್ನೆಲ್ ಇದೇ ಚರ್ಚಿನಲ್ಲಿ ಪದ್ಯ ಹೇಳಿ, ನಟಿಯಾಗಲು ಬಸ್ಸು ಹತ್ತಿ ನ್ಯೂಯಾರ್ಕಿಗೆ ಹೋದದ್ದನ್ನು ಹೇಳಿದರು. "ಸಿನಿಮಾದವರು ಇಪ್ಪತ್ತು ವರ್ಷ ನಮ್ಮ ವರ್ನೆಲ್ ಕೈಗೆ ಟ್ರೇ ಕೊಟ್ರು, ಬರೀ ಮನೆಗೆಲಸದವಳ ಪಾತ್ರ. ಕಾಫಿ ತಂದಳು, ಕೋಟು ಇಸ್ಕೊಂಡಳು, ಬಾಗಿಲು ಹಾಕ್ಕೊಂಡು ಹೋದಳು. ಆದ್ರೆ ಅವಳು ಹೋದ ಮೇಲೂ ಜನ ಆ ಬಾಗಿಲನ್ನೇ ನೋಡ್ತಾ ಕೂತಿರ್ತಿದ್ರು!"

"ಹೌದು, ಹೌದು," ಎಂದಿತು ಸಭೆ.

ಐವತ್ತು ದಾಟಿದ ಮೇಲೆ ರಂಗದ ಮೇಲೆ ಸಿಕ್ಕ ಮುಖ್ಯಪಾತ್ರ, ಪ್ರಶಸ್ತಿಗಳು, ಟ್ರೇ ಕೊಟ್ಟಿದ್ದವರೇ ಕಾರು ಕಳಿಸಿ ಕರೆಸಿಕೊಂಡದ್ದು ಎಲ್ಲವೂ ಪಾದ್ರಿಯ ಮಾತಿನಲ್ಲಿ ಬಂತು. ಕಾತ್ಯಾಯಿನಿ ತಲೆ ತಗ್ಗಿಸಿ ಕೇಳಿದಳು. ಅವಳಿಗೆ ಗೊತ್ತಿದ್ದದ್ದು ಬೇಲಿಯಾಚೆ ಬೆಂಡೆಕಾಯಿ ಬೆಳೆಯುತ್ತಿದ್ದ ಮುದುಕಿ ಮಾತ್ರ.

*

ಅಮೆರಿಕದ ಈ ಡರ್ಹಮ್‌ಗೆ ಬಂದ ಹೊಸತು. ವೀಸಾದ ಪ್ರಕಾರ ಅವಳು ಕೆಲಸ ಮಾಡುವಂತಿರಲಿಲ್ಲ. ಗಂಡ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಆಫೀಸಿಗೆ, ಮಗಳು ಸ್ಕೂಲಿಗೆ ಹೋದ ಮೇಲೆ ಇಡೀ ದಿನ ಮಾತಿಲ್ಲ. ಅಂಗಡಿಯಲ್ಲಿ ಏನು ಕೇಳಿದರೂ "ಪಾರ್ಡನ್?" ಅನ್ನುತ್ತಿದ್ದರು.

"ನಿನ್ನ ಇಂಗ್ಲಿಷ್ ಸರಿಯಾಗೇ ಇದೆ, ದನೀನೇ ಇಲ್ಲ," ಎಂದಿದ್ದರು ವರ್ನೆಲ್ ಬೇಲಿಯಾಚೆಯಿಂದ. "ಅಗೋ ಆ ಪೈನ್ ಮರ. ಪಾಪ, ಟಿಕೆಟ್ ತಗೊಂಡು ಬಂದು ನಿಂತಿದೆ. ಅದಕ್ಕೆ ಕೇಳಿಸ್ಬೇಡ್ವಾ?"

"ಏನು ಹೇಳ್ಲಿ?"

"ನಿಮ್ಮ ಭಾಷೇಲೇ ಬೈ."

"ಎಲ್ಲಿ ಹಾಳಾಗಿ ಹೋಗಿದ್ಯೋ ಮುಠ್ಠಾಳ!" ಎಂದು ಕಾತ್ಯಾಯಿನಿ ಕಿರುಚಿದಳು. ತನ್ನ ದನಿಗೆ ತಾನೇ ಬೆಚ್ಚಿದಳು.

ಮುದುಕಿ ಚಪ್ಪಾಳೆ ತಟ್ಟಿದರು. "ಯಾವ ನಾಟಕದ್ದು?"

"ನಮ್ಮಜ್ಜಿದು."

ಏಪ್ರಿಲ್‌ನಲ್ಲಿ ಅವರೇ ಮನೆಗೆ ಬಂದು ಮೂರು ಟಿಕೆಟ್ ಕೊಟ್ಟರು. ಊರಿನದೇ ಸಣ್ಣ ಥಿಯೇಟರು, ತನ್ನ ಕೊನೆಯ ನಾಟಕ, ಶನಿವಾರ ಸಂಜೆ. "ಬರ್ತೀರಲ್ಲ?"

"ಖಂಡಿತ ಬರ್ತೀವಿ."

ಆ ಶನಿವಾರ ಪಕ್ಕದ ಊರು ಕ್ಯಾರಿಯಲ್ಲಿ ಗಂಡನ ಗೆಳೆಯ ಸುರೇಶನ ಮನೆಯ ಊಟ, ಊರಿಂದ ಹೊಸ ಸಿನಿಮಾ ಕ್ಯಾಸೆಟ್ ಬೇರೆ ಬಂದಿದೆ ಎಂಬುದು ಹಾಗೆನ್ನುವಾಗಲೇ ಅವಳಿಗೆ ಗೊತ್ತಿತ್ತು. ಆದರೆ ಹಿರಿಯರು ಬಾಗಿಲಿಗೆ ಬಂದು ಕರೆದಾಗ ಆಗುವುದಿಲ್ಲ ಅನ್ನುವುದು ಹೇಗೆ? ತನ್ನೂರು ಮೈಸೂರಿನಲ್ಲಿ ಬರ್ತೀವಿ ಎಂದರೆ, ಕರೆದವರು ಆ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ ಕೊಡುತ್ತಾರೆ. ಎಲೆ ಹಾಕಿಕೊಂಡು ಯಾರೂ ಕಾಯುವುದಿಲ್ಲ. ಶನಿವಾರ ಮೂವರೂ ಕ್ಯಾರಿಗೇ ಹೋದರು.

ಭಾನುವಾರ ಬೆಳಿಗ್ಗೆ, ಚರ್ಚಿಗೆ ಹೊರಟ ಟೋಪಿಯಲ್ಲೇ ವರ್ನೆಲ್ ಬಾಗಿಲು ತಟ್ಟಿದರು. "ಎಲ್ಲಾ ಸರಿ ಇದೆ ತಾನೆ?"

"ಊರ್ಮಿಳಾಗೆ ಜ್ವರ," ಎಂದುಬಿಟ್ಟಳು.

ಮಧ್ಯಾಹ್ನ ಕಿಟಕಿಯಿಂದ ನೋಡಿದರೆ, ಅವರು ಸೂಪಿನ ಪಾತ್ರೆ ಹಿಡಿದು ಅಂಗಳ ದಾಟುತ್ತಿದ್ದಾರೆ. ಟೀವಿ ಮುಂದಿದ್ದ ಮಗಳನ್ನು ಎಳೆದೊಯ್ದು ಹಾಸಿಗೆಗೆ ಹಾಕಿದಳು.

"ಬಟ್ ಅಮ್ಮ, ಐ ಆಮ್ ಫೈನ್!"

"ಬಾಯ್ಮುಚ್ಕೊಂಡು ಮಲ್ಕೋ!"

ವರ್ನೆಲ್ ಮಂಚದ ಅಂಚಿನಲ್ಲಿ ಕೂತು ಹುಡುಗಿಯ ಹಣೆಯ ಮೇಲೆ ಕೈ ಇಟ್ಟರು. ಕೈ ಅಲ್ಲೇ ನಿಂತಿತು. ಅವರ ಕಣ್ಣು ನಿಧಾನವಾಗಿ ಹೊದಿಕೆಯ ಆಚೆ ತುದಿಗೆ ಹೋಯಿತು. ಅಲ್ಲಿ ಲೇಸು ಕಟ್ಟಿದ ಎರಡು ಶೂ ಹೊರಗೆ ಚಾಚಿದ್ದವು.

"ಅಯ್ಯೋ ನನ್ನ ಕಂದಾ, ಸುಡ್ತಾ ಇದೆಯಲ್ಲ," ಎಂದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹೊದಿಕೆ ಎಳೆದು ಶೂಗಳನ್ನು ಮುಚ್ಚಿದರು.

ಆಮೇಲೆ ಬೇಲಿಯ ಹತ್ತಿರ ಕಾತ್ಯಾಯಿನಿ ಎಷ್ಟು ಸಲ ನಿಜ ಹೇಳಲು ಹೋದಳೋ. ಪ್ರತಿ ಸಲವೂ ಅವರೇ ಮೊದಲು, "ಮಗು ಹೇಗಿದೆ?" ಎನ್ನುತ್ತಿದ್ದರು. ಅಕ್ಟೋಬರಿನ ಒಂದು ಬೆಳಿಗ್ಗೆ ಆಂಬುಲೆನ್ಸ್ ಬಂತು.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಕೆಳಗಿನ ಹಾಲ್‌ನಲ್ಲಿ ಊಟ. ಡೆನೀಸ್ ತಾನೇ ಬಂದು ಕಾತ್ಯಾಯಿನಿಯ ಎರಡೂ ಕೈ ಹಿಡಿದುಕೊಂಡಳು.

"ಕೊನೇ ನಾಟಕದ ದಿನ ಅಮ್ಮ ಶುರು ಮಾಡೋಕೇ ಬಿಡ್ಲಿಲ್ವಂತೆ. ನನ್ನವರು ಮೂರು ಜನ ಬರ್ಬೇಕು, ಪರದೆ ಎತ್ತಬೇಡಿ ಅಂತ. ಜನ ಕಾಲಲ್ಲಿ ನೆಲ ಕುಟ್ಟೋಕೆ ಶುರು ಮಾಡಿದ ಮೇಲೇನೇ ಒಪ್ಪಿದ್ದು. ಆಮೇಲೆ ಗೊತ್ತಾಯ್ತು, ಪಾಪ, ಮಗುಗೆ ಹುಷಾರಿರ್ಲಿಲ್ಲ ಅಂತ."

ಸಿದ್ಧಲಿಂಗೇಶ್ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ. ಹೆಂಡತಿಯನ್ನು ತಡೆಯಲಿಲ್ಲ.

"ಡೆನೀಸ್, ನಿಮಗೊಂದು ಮಾತು ಹೇಳ್ಬೇಕು. ಅವತ್ತು ನಮ್ಮ ಊರ್ಮಿಳಾಗೆ..."

"ಇವಳೇನಾ ಆ ಮಗು?" ಕೈಗವಸಿನ ಹೆಂಗಸು ನಡುವೆ ಬಂದು ಹುಡುಗಿಯ ಮುಂದೆ ಬಾಗಿದಳು. "ಆ ಭಾನುವಾರ ವರ್ನೆಲ್ ಎದ್ದು ನಿಂತು ನಿನಗೋಸ್ಕರ ನಮ್ಮೆಲ್ಲರ ಹತ್ರ ಪ್ರಾರ್ಥನೆ ಮಾಡಿಸಿದ್ಲು, ಗೊತ್ತಾ? ಈಗ ಹೇಗಿದ್ದೀಯಮ್ಮಾ?"

ಸುತ್ತಲಿನ ಟೋಪಿಗಳೆಲ್ಲ ಇತ್ತ ತಿರುಗಿದವು. ಊರ್ಮಿಳಾ ಅಮ್ಮನ ಮುಖ ನೋಡಿದಳು. ಅಮ್ಮನ ಬಾಯಿ ತೆರೆದೇ ಇತ್ತು. ಹುಡುಗಿಯ ಭುಜಗಳು ಸೋತಂತೆ ಇಳಿದವು. ಒಂದು ಕೈ ಎದೆಗೆ ಹೋಯಿತು.

"ಈಗ ವಾಸಿ, ಮ್ಯಾಮ್," ಎಂದಳು ತನ್ನ ಇಂಗ್ಲಿಷಿನಲ್ಲಿ, ಎಲ್ಲರೂ ಬಾಗಿ ಕೇಳುವಷ್ಟು ಮೆಲ್ಲಗೆ. "ಅವಾಗ ತುಂಬಾ ಸುಡ್ತಿತ್ತು. ಮಿಸ್ ವರ್ನೆಲ್ ಸೂಪ್ ತಂದ್ರು. ಅದಕ್ಕೇ ಹೋಯ್ತು."

ಡೆನೀಸ್ ನೆಲದ ಮೇಲೆ ಮೊಣಕಾಲೂರಿ ಅವಳನ್ನು ತಬ್ಬಿಕೊಂಡು ಬಿಕ್ಕಿದಳು. ಅವಳ ಹೆಗಲ ಮೇಲಿಂದ ಗಲ್ಲ ಎತ್ತಿ ಊರ್ಮಿಳಾ ಅಮ್ಮನತ್ತ ನೋಡಿದಳು, ಹುಬ್ಬೇರಿಸಿ, ಸರಿಯಾಗಿ ಹೇಳಿದೆನಾ ಎಂದು ಕೇಳುವಂತೆ.