ಶಹಾಬಾದ್ ಕಲ್ಲಿನ ಮೊದಲ ಮೆಟ್ಟಿಲು

೨೦೦೬ರ ಮಾರ್ಚ್ ೧೨, ಭಾನುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಸೇಡಂನ ರತ್ನದೀಪ ತಾನೇ ತಯಾರಿಸಿದ ಕಂಪ್ಯೂಟರ್ ಆಟವನ್ನು ತಂಗಿ ಲುಂಬಿನಿಗೆ ತೋರಿಸಿದ. ಸಂಜೆ ಗುಲ್ಬರ್ಗಾದಲ್ಲಿ ಸ್ಪರ್ಧೆ. ಮಧ್ಯಾಹ್ನದ ಬಸ್ಸಿಗೆ ಸಿ.ಡಿ. ಹಿಡಿದು ಹೊರಡಬೇಕಿತ್ತು. ಎರಡು ವರ್ಷದ ದುಡಿಮೆ ಅದು.

ಪರದೆಯ ಮೇಲೆ ಕಾಗಿಣಾ ನದಿ ಹೊಳೆಯುತ್ತಿತ್ತು. ಶಹಾಬಾದ್ ಕಲ್ಲಿನ ಒಂದೊಂದು ಪದರಕ್ಕೂ ಬೇರೆ ಬೇರೆ ನೆರಳು. ಕತ್ತಿ ಹಿಡಿದ ವೀರ ಗತ್ತಿನಿಂದ ಓಡಿ ಬಂದು ಮೊದಲ ಮೆಟ್ಟಿಲಿಗೆ ಜಿಗಿದ. ಮೊಣಕಾಲು ಬಡಿದು ಕೆಳಗೆ ಬಿದ್ದ. ಹತ್ತು ಸಲ ಜಿಗಿಸಿದರೂ ಅಷ್ಟೇ.

“ಅಣ್ಣಾ, ನೋಡ್ಲಿಕ್ಕ ಭಾಳ ಚಂದ ಅದ. ಆದ್ರ ಇವ ಮುಂದ ಹೋಗೋದು ಯಾವಾಗ?”

“ಮೆಟ್ಟಿಲು ಖಣಿಯಾಗ ಟೇಪ್ ಹಿಡಿದು ಅಳದೀನಿ, ನಲವತ್ತೈದು ಸೆಂಟಿಮೀಟರ್. ಇವನ ಜಿಗಿತಕ್ಕ ನನ್ನ ಜಿಗಿತಾನೇ ಅಳದು ಹಾಕೀನಿ, ಮೂವತ್ತೊಂದು.”

ಬಿ.ಎಸ್ಸಿ. ಓದಿದ ರತ್ನದೀಪ ಅಳೆಯದ ಅಂಕಿಯನ್ನು ಆಟದಲ್ಲಿ ಒಂದೂ ಸೇರಿಸಿರಲಿಲ್ಲ.

“ಹಂಗಾದ್ರ ಐವತ್ತು ಅಂತ ಬರದುಬಿಡು.”

“ಸುಳ್ಳು ಅಂಕಿ ಹ್ಯಾಂಗ ಬರೀಲಿ?”

ಅಡುಗೆಮನೆಯಿಂದ ಅವ್ವ ಭೀಮಬಾಯಿ ಕೂಗಿದಳು: “ನಿನ್ನ ಹೊಟ್ಟಿ ಹೊತ್ಕೊಂಡು ಯಾವ ವೀರ ಹಾರ್ತಾನೋ? ಖೊ-ಖೊ ಆಡಾಕಿ ಎದುರಿಗೇ ಕುಂತಾಳ, ಆಕೀನ್ನ ಹಾರಸು!”

ಲುಂಬಿನಿ ದುಪಟ್ಟಾ ಸೊಂಟಕ್ಕೆ ಬಿಗಿದಳು. ಬೆರಳಿಗೆ ಸುಣ್ಣ ಹಚ್ಚಿಕೊಂಡು ಗೋಡೆಗೆ ತಾಗಿ ನಿಂತು ಕೈ ಎತ್ತಿ ಒಂದು ಗುರುತು ಹಾಕಿದಳು, ಜಿಗಿದು ಇನ್ನೊಂದು. ರತ್ನದೀಪ ಸ್ಟೂಲ್ ಹತ್ತಿ ಟೇಪ್ ಹಿಡಿದ. ನಂಬಿಕೆ ಬರದೆ ಮತ್ತೊಮ್ಮೆ ಹಿಡಿದ.

ಎರಡು ಗುರುತುಗಳ ನಡುವಿನ ಅಂತರ ನಲವತ್ತೇಳು ಸೆಂಟಿಮೀಟರ್ ಇತ್ತು.