ಎರಡು ದಿನ ಮೊದಲಿನ ಸಹಿ

ಆ ಹೊಲಿಗೆ ಅಂಗಡಿಯಲ್ಲಿ ಹನ್ನೊಂದು ಮಷಿನ್ನುಗಳಿದ್ದವು, ಬಟ್ಟೆ ಕತ್ತರಿಸುವ ಮೇಜು ಮಾತ್ರ ಒಂದೇ. ಆ ಮೇಜಿನ ಮುಂದೆ ನಿಲ್ಲುವವಳನ್ನು ಎಲ್ಲರೂ ಕತ್ತರಿಯಕ್ಕ ಅಂತಲೇ ಕರೆಯುತ್ತಿದ್ದರು. ಸಮವಸ್ತ್ರದ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೀಟೆಳೆದು ಅವಳು ಕತ್ತರಿ ಇಟ್ಟರೆ ಅಂಗೈಯಗಲ ಚೂರೂ ದಂಡವಾಗುತ್ತಿರಲಿಲ್ಲ. ಅಪ್ಪ ಸಾಯುವಾಗ ಅಂಗಡಿಯನ್ನು ಅವಳಿಗೂ ಅವಳ ಅಣ್ಣನಿಗೂ ಸಮಸಮ ಬರೆದಿದ್ದ. ಅಣ್ಣ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ, ಅಂದರೆ ಮಾತಾಡುತ್ತಿದ್ದ.

ಮೂವತ್ತೆಂಟನೆಯ ವಯಸ್ಸಿನಲ್ಲಿ ಅವಳ ಕೈ ನಿಂತುಬಿಟ್ಟಿತು. ಬೆಳಕು ಹರಿಯುವುದಕ್ಕೆ ಎಷ್ಟೋ ಮುಂಚೆ ಎಚ್ಚರ, ಆಮೇಲೆ ನಿದ್ದೆಯ ಸುಳಿವಿಲ್ಲ. ಅನ್ನ ಬಾಯಿಗಿಟ್ಟರೆ ಮಣ್ಣು. ತಲೆ ಬಾಚುವುದೂ ಬೆಟ್ಟ ಹತ್ತಿದಷ್ಟು ಆಯಾಸ. ಅಳತೆಯ ಚೀಟಿಯನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ನಾನಿಲ್ಲದಿದ್ದರೆ ಇವರೆಲ್ಲ ಹಗುರಾಗುತ್ತಾರೆ ಅನ್ನುವ ಯೋಚನೆ ಕರೆಯದೇ ಬಂದು ಪಕ್ಕದಲ್ಲಿ ಕೂರುತ್ತಿತ್ತು.

"ಮೈಗಳ್ಳತನಕ್ಕೆ ಯಾವ ಊರಲ್ಲೂ ಮದ್ದಿಲ್ಲ," ಅಂತ ಅಣ್ಣ ಗಿರಾಕಿಗಳ ಮುಂದೆಯೇ ಹೇಳಿದ. ಹೊಲಿಯುವ ಹೆಂಗಸರು ತಲೆ ತಗ್ಗಿಸಿಕೊಂಡು ಮಷಿನ್ ತುಳಿದರು. ಗಾಯದ ಮೇಲೆ ಬರೆ ಎಳೆದಂತಾದರೂ ಅವಳಿಗೆ ಎದುರಾಡಲು ತ್ರಾಣವಿರಲಿಲ್ಲ.

ಬೀದಿ ಕೊನೆಯ ಡಾಕ್ಟರು ಐದು ನಿಮಿಷ ಮಾತಾಡಿಸಿ, ಖಿನ್ನತೆ ಅಂದು ಮಾತ್ರೆ ಬರೆದರು. ಎರಡು ತಿಂಗಳಲ್ಲಿ ಅವಳು ಎದ್ದಳು. ಎದ್ದವಳು ನಿಲ್ಲಲೇ ಇಲ್ಲ. ಎರಡು ಗಂಟೆ ನಿದ್ದೆ ಮಾಡಿದರೂ ದಣಿವಿಲ್ಲ, ಮಾತಿಗೆ ಕಡಿವಾಣವಿಲ್ಲ. ಯಾರೂ ಕೇಳದ ಅರವತ್ತು ಕೋಟುಗಳನ್ನು ಕತ್ತರಿಸಿ ರಾಶಿ ಹಾಕಿದಳು. ಹನ್ನೆರಡು ಊರಲ್ಲಿ ಹನ್ನೆರಡು ಅಂಗಡಿ ತೆರೆಯುತ್ತೇನೆ ಅಂದಳು. ಕಿವಿಯೋಲೆ ಬಿಚ್ಚಿ ಅತ್ತಿಗೆಯ ಕೈಗಿಟ್ಟಳು. ಅತ್ತಿಗೆ ಬೇಡ ಅನ್ನಲಿಲ್ಲ.

ಅಣ್ಣನೂ ಒಂದು ಕಾಗದ ತಂದ. "ಹನ್ನೆರಡು ಅಂಗಡಿ ಮಾಡೋಳಿಗೆ ಈ ಹಳೇ ಗೂಡು ಯಾಕಮ್ಮಾ? ನಿನ್ನ ಭಾಗ ನನ್ನ ಹೆಸರಿಗೆ ಬರೆದುಕೊಟ್ಟುಬಿಡು." ಅವಳು ನಗುನಗುತ್ತಾ ಸಹಿ ಹಾಕಿದಳು. ಹೆಸರಿನ ಕೆಳಗೆ ಒಂದು ಹೂವನ್ನೂ ಬರೆದಳು.

ಎರಡೇ ದಿನಕ್ಕೆ, ಬಟ್ಟೆಯ ಥಾನುಗಳನ್ನು ಬೀದಿಯಲ್ಲಿ ಹೋಗುವವರಿಗೆ ಹಂಚುತ್ತಿದ್ದವಳನ್ನು ಅಣ್ಣನೇ ಆಸ್ಪತ್ರೆಗೆ ಸೇರಿಸಿದ. ಅಲ್ಲಿನ ಅರ್ಜಿಯಲ್ಲಿ ತನ್ನ ಕೈಯಾರೆ ಬರೆದ: ಹದಿನೈದು ದಿನದಿಂದ ನಿದ್ದೆಯಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಕೊಟ್ಟುಬಿಡುತ್ತಾಳೆ, ಏನು ಮಾಡುತ್ತಿದ್ದೇನೆ ಅನ್ನುವ ಪರಿವೆಯೇ ಇಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಅವಸರದವರಲ್ಲ. "ಇದಕ್ಕೆ ಮುಂಚೆ ಯಾವತ್ತಾದ್ರೂ ನಿದ್ದೆಯಿಲ್ಲದೆ ಹೀಗೆ ಹಾರಾಡಿದ್ದುಂಟಾ?" ಅಂತ ಕೇಳಿದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ವಾರ ಹಾಗಾಗಿತ್ತು. ಹುಮ್ಮಸ್ಸಿನ ಹುಡುಗಿ ಅಂತ ಎಲ್ಲರೂ ಹೊಗಳಿದ್ದರು.

"ಅದನ್ನ ಮೊದಲೇ ಯಾರಾದ್ರೂ ಕೇಳಬೇಕಿತ್ತು," ಅಂದರು ಡಾಕ್ಟರಮ್ಮ. "ನಿಮಗಿರೋದು ಬರೀ ಖಿನ್ನತೆ ಅಲ್ಲ, ಬೈಪೋಲಾರ್. ಮನಸ್ಸು ಪಾತಾಳಕ್ಕೂ ಇಳಿಯುತ್ತೆ, ಆಕಾಶಕ್ಕೂ ಹಾರುತ್ತೆ. ಇಂಥವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವು ಸಲ ಹೀಗೆ ಇನ್ನೊಂದು ತುದಿಗೆ ಜಿಗಿದುಬಿಡುತ್ತೆ. ಎರಡೂ ಕಡೆ ವಾಲದ ಹಾಗೆ ಹಿಡಿಯೋ ಔಷಧಿ ಬೇರೆ ಇದೆ."

ಆರು ವಾರಕ್ಕೆ ಅವಳು ನೆಲಕ್ಕಿಳಿದಳು. ಇಳಿದ ಮೇಲೆಯೇ ಆ ಸಹಿ ನೆನಪಾದದ್ದು. ಆಸ್ಪತ್ರೆಯಿಂದ ಅಂಗಡಿಗೆ ಬಂದರೆ ಮೇಜಿನ ಮುಂದೆ ಬೇರೊಬ್ಬ ನಿಂತಿದ್ದ. "ಹುಚ್ಚಿ ಕೈಗೆ ಕತ್ತರಿ ಕೊಡೋದಾ? ಊರು ನಗುತ್ತೆ," ಅಂದ ಅಣ್ಣ. ಊರಿಗೆಲ್ಲ ಆಗಲೇ ಹೇಳಿಯೂ ಆಗಿತ್ತು.

ಅವಳು ಬಾಡಿಗೆ ಕೋಣೆ ಹಿಡಿದು, ಬೇರೆಯವರ ಅಂಗಡಿಯಲ್ಲಿ ಗುಂಡಿ ಹೊಲಿದಳು. ಒಳಗೆ ಬೂದಿ ಮುಚ್ಚಿದ ಕೆಂಡ. ಡಾಕ್ಟರಮ್ಮನ ಹತ್ತಿರ ಒಂದು ದಿನ ಬಾಯಿಬಿಟ್ಟಳು. "ಅಣ್ಣನನ್ನ ನೆನೆಸಿಕೊಂಡ್ರೆ ಮೈ ಉರಿಯುತ್ತೆ. ಇದೂ ಕಾಯಿಲೇನಾ?"

"ನಿದ್ದೆ ಎಷ್ಟು?"

"ಏಳು ಗಂಟೆ."

"ಊಟ? ಕೆಲಸ?"

"ಎರಡೂ ಸರಿಯಾಗಿದೆ."

"ಹಾಗಾದ್ರೆ ಅದು ಬರೀ ಸಿಟ್ಟು. ಅದಕ್ಕೆ ನನ್ನ ಹತ್ತಿರ ಮಾತ್ರೆಯಿಲ್ಲ."

ಆ ಮಾತು ಅವಳಿಗೆ ಆನೆಬಲ ತಂದಿತು. ಸಿಟ್ಟು ತನ್ನದೇ, ಅಪ್ಪಟ ತನ್ನದು. ಆದರೂ ದುಡುಕಲಿಲ್ಲ. ಒಂದು ವರ್ಷ ಮಾತ್ರೆ ತಪ್ಪಿಸದೆ, ಔಷಧಿಯ ಮಟ್ಟ ನೋಡುವ ರಕ್ತ ಪರೀಕ್ಷೆ ಬಿಡದೆ, ದಿನದಿನದ ಮನಸ್ಥಿತಿಯನ್ನು ಪಟ್ಟಿಯಲ್ಲಿ ಬರೆದಿಟ್ಟಳು. ನಾಳೆ ಯಾರೂ ಈ ಸಿಟ್ಟನ್ನೂ ಹುಚ್ಚು ಅನ್ನಬಾರದು. ಆಮೇಲೆ ಆಸ್ಪತ್ರೆಯ ಕಡತದ ನಕಲು ತೆಗೆಸಿಕೊಂಡು ವಕೀಲೆಯ ಮೆಟ್ಟಿಲು ಹತ್ತಿದಳು.

"ತುಂಬಿದ ಕೋರ್ಟಿನಲ್ಲಿ ನಿಮ್ಮ ಕಾಯಿಲೆ ಬಗ್ಗೆ ಓದಬೇಕಾಗುತ್ತೆ," ಅಂದಳು ವಕೀಲೆ.

"ಗಟ್ಟಿಯಾಗಿ ಓದಿ."

ವಿಚಾರಣೆಯ ದಿನ ಅಣ್ಣ ಇಸ್ತ್ರಿ ಮುರಿಯದ ಅಂಗಿ ಹಾಕಿಕೊಂಡು ಬಂದಿದ್ದ. ಸಹಿ ಹಾಕಿದಾಗ ತಂಗಿ ಹೇಗಿದ್ದಳು ಅಂತ ವಕೀಲೆ ಕೇಳಿದಳು. "ಚೆನ್ನಾಗೇ ಇದ್ದಳು. ನಗ್ತಾ ಇದ್ದಳು. ಸ್ವಂತ ಬುದ್ಧಿಯಿಂದಲೇ ಹಾಕಿದ್ದು," ಅಂದ.

ವಕೀಲೆ ಆಸ್ಪತ್ರೆಯ ಅರ್ಜಿಯನ್ನು ಅವನ ಮುಂದಿಟ್ಟಳು. "ಇದು ನಿಮ್ಮ ಅಕ್ಷರ. ಹದಿನೈದು ದಿನದಿಂದ ಅಂತ ಬರೆದಿದ್ದೀರಿ. ಸಹಿ ಆಗಿದ್ದು ಇದಕ್ಕೆ ಎರಡು ದಿನ ಮೊದಲು. ಇದು ನಿಜ ಆದ್ರೆ ಆ ಪತ್ರ ನಿಲ್ಲಲ್ಲ. ಸುಳ್ಳು ಆದ್ರೆ, ಚೆನ್ನಾಗಿದ್ದ ತಂಗಿಯನ್ನ ಆಸ್ಪತ್ರೆಗೆ ಯಾಕೆ ಹಾಕಿದ್ರಿ?"

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ ಅಣ್ಣ. ನೀರು ಕೇಳಿದ. ಊರಿಗೆಲ್ಲ ಹುಚ್ಚಿ ಅಂತ ಸಾರಿದವನು ಈಗ ನನ್ನ ತಂಗಿ ಹುಚ್ಚಿಯಲ್ಲ ಅಂತ ಅಂಗಲಾಚಬೇಕಾಗಿತ್ತು. ಅವಳು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಾ ಕೂತಳು. ಒಂದು ವರ್ಷ ಹಸಿದವಳ ಹಾಗೆ ನೋಡಿದಳು.

ಪತ್ರ ರದ್ದಾಯಿತು. ಪಾಲಾಗುವಾಗ ಅವಳು ಬೀದಿಗೆ ಬಾಗಿಲಿರುವ ಮುಂದಿನ ಅರ್ಧವನ್ನೇ ಹಟ ಹಿಡಿದು ಪಡೆದಳು, ನಡುವೆ ಗೋಡೆ ಎಬ್ಬಿಸಿದಳು. ಅಣ್ಣನ ಗಿರಾಕಿಗಳು ಚರಂಡಿ ದಾಟಿ ಹಿತ್ತಲ ಸಂದಿಯಿಂದ ಬರಬೇಕಾಯಿತು. ತಿಂಗಳೊಳಗೆ ಅರ್ಧ ಜನ ಬರುವುದನ್ನೇ ಬಿಟ್ಟರು.

ಅತ್ತಿಗೆ ಒಂದು ಮಧ್ಯಾಹ್ನ ಬಂದು ಕಣ್ಣೊರೆಸಿಕೊಂಡಳು. "ಒಡಹುಟ್ಟಿದವನಮ್ಮಾ. ನಿನ್ನ ಬಾಗಿಲಿಂದ ನಾಲ್ಕು ಜನ ಹಾದು ಹೋಗೋಕೆ ಬಿಟ್ಟರೆ ನಿನ್ನ ಗಂಟೇನು ಹೋಗುತ್ತೆ?"

ಅವಳು ಗೀಟು ಎಳೆಯುತ್ತಿದ್ದಳು, ತಲೆಯೆತ್ತಲಿಲ್ಲ. "ಅವನೇ ಬಂದು ಕೇಳಲಿ."

ಮರುದಿನ ಅವನೇ ಬಂದ. ಹೆಂಗಸರು ಮಷಿನ್ ನಿಲ್ಲಿಸಿದರು. ಅವನು ಹೊಸ್ತಿಲ ಹೊರಗೆ ನಿಂತು, ತಪ್ಪಾಯ್ತು, ನಿನಗೆ ಕಾಯಿಲೆ ಇತ್ತು ಅಂತ ಗೊತ್ತಿದ್ದೇ ಸಹಿ ಹಾಕಿಸಿಕೊಂಡೆ, ಗಿರಾಕಿಗಳಿಗೆ ದಾರಿ ಬಿಡು, ಅಂದ. ಅವಳು ಪೂರ್ತಿ ಕೇಳಿಸಿಕೊಂಡಳು. ಒಂದು ಗಳಿಗೆ ಅಪ್ಪನ ಮುಖ ಕಂಡಂತಾಗಿ ಎದೆ ಸಡಿಲವಾಯಿತು. ಆದರೂ, "ಆಗಲ್ಲ," ಅಂದಳು.

ಅವನು ಹೋದ ಮೇಲೆ ಹೊಸ ಥಾನು ಬಿಚ್ಚಿ ಹಾಸಿದಳು. ಪಶ್ಚಾತ್ತಾಪ ಬರುತ್ತದೇನೋ ಅಂತ ಸಂಜೆಯವರೆಗೂ ಕಾದಳು. ಬರಲಿಲ್ಲ.